ಪೆನ್ಸಿಲ್ ಗೆರೆಯ ಪಕ್ಕದಲ್ಲೇ ವೆಚ್ಚದ ಹಾಳೆ: ನನ್ನ ಅನುಭವ

ಪಂಪ್ ಮೋಟಾರಿಗಾಗಿ ಗೋಡೆಯ ಮೇಲೆ ಕೂರಿಸುವ ನಿಯಂತ್ರಕ ಪೆಟ್ಟಿಗೆಯ ಎರಡನೇ ಆವೃತ್ತಿ ಈಗ ಸುಮಾರು ಏಳು ಸಾವಿರದಷ್ಟು ತಯಾರಾಗಿದೆ. ತಯಾರಿಕೆಗೆ ನಾನು ಹಾಕಿಕೊಂಡ ಮಿತಿಯನ್ನು 100 ಎಂದಿಟ್ಟುಕೊಂಡರೆ, ಪ್ಲಾಸ್ಟಿಕ್ ಎರಕಕ್ಕೆ ಬೇಕಾದ ಉಕ್ಕಿನ ಅಚ್ಚಿನ ವೆಚ್ಚದಲ್ಲಿ ಅದರ ಪಾಲೂ ಸೇರಿ ಒಂದೊಂದು ಪೆಟ್ಟಿಗೆ 94ರ ಆಸುಪಾಸಿನಲ್ಲಿ ಮುಗಿಯುತ್ತಿದೆ. ಇದೇ ಕೆಲಸ ಮಾಡುತ್ತಿದ್ದ ಮೊದಲ ಆವೃತ್ತಿಗೆ 168 ತಗಲಿತ್ತು. ಚಿತ್ರ ಬರೆಯುವ ಹಂತದಲ್ಲೇ ವೆಚ್ಚವನ್ನು ಎಳೆದು ತಂದರೆ ವಿನ್ಯಾಸ ಸೊರಗುತ್ತದೆ, ಮೊದಲು ಕೆಲಸ ಮಾಡುವ ವಸ್ತುವನ್ನು ಮಾಡಿ ಆಮೇಲೆ ವೆಚ್ಚ ಇಳಿಸಿಕೊಳ್ಳಬೇಕು ಎಂದು ನನ್ನ ಜೊತೆಯವರೆಲ್ಲ ಎರಡು ವರ್ಷ ವಾದಿಸಿದರು. ಏಳು ಸಾವಿರ ಪೆಟ್ಟಿಗೆಗಳ ಲೆಕ್ಕ ಕೈಯಲ್ಲಿರುವುದರಿಂದ ಈಗ ಬರೆಯುತ್ತಿದ್ದೇನೆ.

ಮೊದಲ ಆವೃತ್ತಿಯನ್ನು ಅವರು ಹೇಳಿದ ಕ್ರಮದಲ್ಲೇ ಮಾಡಿದ್ದೆ. ಗಟ್ಟಿಯಾಗಿರಲಿ ಎಂದು ಗೋಡೆಯ ದಪ್ಪವನ್ನು 4 ಮಿ.ಮೀ. ಇಟ್ಟೆ, ತಂತಿ ಹೋಗುವ ರಂಧ್ರಗಳನ್ನು ಎರಡು ಬದಿಗಳಲ್ಲಿ ಕೊಟ್ಟು ಅಚ್ಚಿಗೆ ಎರಡು ಸ್ಲೈಡರ್ (ಪಕ್ಕಕ್ಕೆ ಸರಿಯುವ ಅಚ್ಚಿನ ತುಂಡು) ಹೇರಿದೆ, ಮೂರು ಅಳತೆಯ ಹದಿನಾಲ್ಕು ಸ್ಕ್ರೂಗಳನ್ನು ಬಳಸಿದೆ. ಮಾದರಿ ಚೆನ್ನಾಗಿಯೇ ಕೆಲಸ ಮಾಡಿತು. ಅಚ್ಚು ಬಂದು ಮೊದಲ 1,200 ಪೆಟ್ಟಿಗೆ ತಯಾರಾದ ಮೇಲೆ ಲೆಕ್ಕ ಹಾಕಿದಾಗ, ಮಾರಾಟಗಾರರ ಪಾಲು ಕಳೆದು ಪ್ರತಿಯೊಂದರ ಮೇಲೂ ನಾನೇ ಕೈಯಿಂದ ಹಣ ಹಾಕುತ್ತಿದ್ದೆ ಎಂಬುದು ತಿಳಿಯಿತು. ಆಗ ಗೋಡೆಯನ್ನು ತೆಳ್ಳಗೆ ಮಾಡಲು ಹೊರಟೆ. ಅಚ್ಚಿನಿಂದ ಉಕ್ಕನ್ನು ಕೊರೆದು ತೆಗೆಯುವುದು ಸುಲಭ, ಸೇರಿಸುವುದು ಕಷ್ಟ ಎಂಬುದು ಎಲ್ಲರಿಗೂ ಗೊತ್ತು. ಗೋಡೆ ತೆಳ್ಳಗಾಗಬೇಕೆಂದರೆ ಉಕ್ಕು ಸೇರಬೇಕು, ಅಂದರೆ ವೆಲ್ಡಿಂಗ್ ಮಾಡಿ ಮತ್ತೆ ಯಂತ್ರಕ್ಕೆ ಹಾಕಬೇಕು. ಅಚ್ಚು ಮಾಡಿದವರು ಕೇಳಿದ್ದು ಹೊಸ ಅಚ್ಚಿನ ಬೆಲೆಯ ಅರ್ಧಕ್ಕಿಂತ ಹೆಚ್ಚು. ಸ್ಲೈಡರ್‌ಗಳನ್ನು ತೆಗೆಯುವ ಮಾತನ್ನಂತೂ ಅವರು ಕೇಳಿಸಿಕೊಳ್ಳಲೇ ಇಲ್ಲ. "ಆಮೇಲೆ ಇಳಿಸಿಕೊಳ್ಳೋಣ" ಎಂದಿದ್ದ ವೆಚ್ಚ ಆ ಉಕ್ಕಿನೊಳಗೇ ಉಳಿದುಬಿಟ್ಟಿತು.

ಎರಡನೇ ಸಲ ಪೆನ್ಸಿಲ್ ಹಿಡಿಯುವ ಮೊದಲು ಒಂದು ಹಾಳೆ ತೆಗೆದುಕೊಂಡೆ. ಮಾರುವ ಬೆಲೆಯಿಂದ ಮಾರಾಟಗಾರರ ಪಾಲು, ಖಾತರಿಯ ಅವಧಿಯಲ್ಲಿ ಬದಲಿಸಿ ಕೊಡಬೇಕಾದದ್ದು, ಪ್ಯಾಕಿಂಗ್ ಮತ್ತು ನನ್ನ ಲಾಭ ಇವಿಷ್ಟನ್ನೂ ಕಳೆದು ಉಳಿದದ್ದನ್ನು ಮಿತಿಯಾಗಿ ಮೇಲೆ ಬರೆದೆ. ಪ್ರತಿ ಕೈಚಿತ್ರದ ಪಕ್ಕದಲ್ಲೂ ಭಾಗದ ಅಂದಾಜು ತೂಕ, ಯಂತ್ರದ ಮೇಲಿನ ಸೆಕೆಂಡುಗಳು, ಕೈ ಎಷ್ಟು ಸಲ ಮುಟ್ಟಬೇಕು, ಅಚ್ಚಿನ ಪಾಲು ಎಷ್ಟು ಎಂಬುದನ್ನು ಬರೆಯುತ್ತಾ ಹೋದೆ. ಈ ಅಂಕಿಗಳು ನಿಜ ವೆಚ್ಚಕ್ಕಿಂತ ಶೇಕಡಾ 20-25ರಷ್ಟು ಆಚೀಚೆ ಇರುತ್ತಿದ್ದವು, ಆದರೆ ಎರಡು ಚಿತ್ರಗಳಲ್ಲಿ ಯಾವುದು ಅಗ್ಗ ಎಂದು ತಿಳಿಯಲು ಅಷ್ಟು ಸಾಕು. ಆ ಕೈಚಿತ್ರಗಳನ್ನೇ ಅಚ್ಚು ಮಾಡುವವರ ಮುಂದೆ ಇಟ್ಟೆ. ಮೂರು ಆಯಾಮದ ಮಾದರಿ ಮುಗಿದ ಮೇಲೆ ಹೋದರೆ ಅವರು ಬೆಲೆ ಮಾತ್ರ ಹೇಳುತ್ತಾರೆ, ಪೆನ್ಸಿಲ್ ಚಿತ್ರ ನೋಡಿದರೆ ತಾವೇ ಪೆನ್ಸಿಲ್ ತೆಗೆದುಕೊಂಡು ತಿದ್ದುತ್ತಾರೆ. ಅವರಿಂದ ನಿಜವಾದ ಅಂಕಿ ಹೊರಡಿಸಲು ನಾನು ಮೊದಲು ಕೇಳುವ ಪ್ರಶ್ನೆಯೊಂದಿದೆ. ಅದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಗೋಡೆಯ ದಪ್ಪವೇ ಅತಿ ದೊಡ್ಡ ಗಳಿಕೆ ತಂದಿತು. ಪ್ಲಾಸ್ಟಿಕ್ ತಣಿಯುವ ಸಮಯ ದಪ್ಪದ ವರ್ಗಕ್ಕೆ (ದಪ್ಪವನ್ನು ದಪ್ಪದಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಏರುವುದರಿಂದ, 4 ಮಿ.ಮೀ. ಇದ್ದದ್ದು 2.5ಕ್ಕೆ ಬಂದಾಗ ತಣಿಯುವುದು 45 ಸೆಕೆಂಡಿನಿಂದ ಹದಿನೆಂಟಕ್ಕೋ ಇಪ್ಪತ್ತಕ್ಕೋ ಇಳಿಯಿತು, ಒಂದು ಭಾಗ ಎರಕವಾಗಿ ಹೊರಬರುವ ಇಡೀ ಸೈಕಲ್ 65ರಿಂದ 35ರ ಸುತ್ತಿಗೆ ಬಂತು. ಕಳೆದುಕೊಂಡ ಬಲವನ್ನು ರಿಬ್‌ಗಳಿಂದ (ಒಳಮೈಯಲ್ಲಿ ಎದ್ದ ತೆಳು ಪಟ್ಟಿಗಳಿಂದ) ಮರಳಿ ಪಡೆದೆ. ಆಸೆಬಿದ್ದು ಒಂದು ಪ್ರಯೋಗದ ಅಚ್ಚಿನಲ್ಲಿ 2 ಮಿ.ಮೀ. ದಪ್ಪದ ರಿಬ್ ಕೊಟ್ಟು ನೋಡಿದಾಗ ಹೊರಮೈಯಲ್ಲಿ ಕುಳಿಗಳು ಎದ್ದು ಕಂಡವು, 1.4ಕ್ಕೆ ಇಳಿಸಿದ ಮೇಲೆ ಮೈ ನುಣುಪಾಯಿತು.

ಜೋಡಣೆಯ ವಿಷಯದಲ್ಲಿ, ಸುಲಭವಾಗಿ ಜೋಡಿಸುವಂಥ ವಿನ್ಯಾಸದ ವಿಧಾನ ರೂಪಿಸಿದ ಬೂತ್‌ರಾಯ್ಡ್ ಮತ್ತು ಡ್ಯೂಹರ್ಸ್ಟ್ ಅವರ ಮೂರು ಪ್ರಶ್ನೆಗಳನ್ನು ಪ್ರತಿ ಭಾಗಕ್ಕೂ ಪಟ್ಟುಬಿಡದೆ ಕೇಳಿದೆ: ಇದು ಪಕ್ಕದ ಭಾಗಕ್ಕೆ ಹೋಲಿಸಿದರೆ ಚಲಿಸಬೇಕೇ, ಬೇರೆ ವಸ್ತುವಿನಿಂದಲೇ ಆಗಬೇಕೇ, ಜೋಡಿಸಲು ಅಥವಾ ಬಿಚ್ಚಲು ಪ್ರತ್ಯೇಕವಾಗಿಯೇ ಇರಬೇಕೇ? ಟ್ರಾನ್ಸ್‌ಫಾರ್ಮರ್ ಹಿಡಿದಿದ್ದ ಬ್ರ್ಯಾಕೆಟ್‌ಗೆ ಮೂರಕ್ಕೂ ಇಲ್ಲ ಎಂಬ ಉತ್ತರ ಬಂತು, ಅದು ತಳಭಾಗದೊಳಗೆ ಸೇರಿಹೋಯಿತು. ಹೀಗೆ 31 ಭಾಗಗಳಿದ್ದದ್ದು 17 ಆಯಿತು, ಹದಿನಾಲ್ಕು ಸ್ಕ್ರೂಗಳ ಜಾಗದಲ್ಲಿ ಒಂದೇ ಅಳತೆಯ ನಾಲ್ಕು ಉಳಿದವು, ಹನ್ನೊಂದು ನಿಮಿಷದ ಜೋಡಣೆ ನಾಲ್ಕಕ್ಕೆ ಬಂತು. ಆ ನಾಲ್ಕನ್ನೂ ತೆಗೆದು ಬರೀ ಕೊಕ್ಕೆಗಳಿಂದ ಮುಚ್ಚಳ ಹಿಡಿಸುವ ಪ್ರಯತ್ನದಲ್ಲಿ ಸುಮಾರು ಒಂದೂವರೆ ತಿಂಗಳು ಕಳೆದೆ. ಐದಾರು ಸಲ ತೆರೆದು ಮುಚ್ಚುವಷ್ಟರಲ್ಲಿ ಕೊಕ್ಕೆಯ ಬುಡ ಬಿಳಿಚಿಕೊಂಡು ಮುರಿಯುತ್ತಿತ್ತು. ದುರಸ್ತಿಗೆ ತೆರೆಯಲೇಬೇಕಾದ ಮುಚ್ಚಳಕ್ಕೆ ಇದು ಸಲ್ಲದು ಎಂದು ಬಿಟ್ಟೆ. ಆದರೆ ಒಳಗಿನ ಸರ್ಕ್ಯೂಟ್ ಬೋರ್ಡನ್ನು ಹಿಡಿಯಲು ಅದೇ ಕೊಕ್ಕೆಗಳು ನಿಂತವು, ಅದೂ ಸ್ಲೈಡರ್ ಇಲ್ಲದೆ: ಕೊಕ್ಕೆಯ ಕೆಳಗೆ ತಳದಲ್ಲಿ ಒಂದು ಕಿಂಡಿ ಬಿಟ್ಟು, ಅಚ್ಚಿನ ಎದುರು ಭಾಗವೇ ಅದರ ಮೂಲಕ ಬಂದು ಕೊಕ್ಕೆಯ ಅಡಿಯನ್ನು ರೂಪಿಸುವಂತೆ ಮಾಡಿದೆ. ಎರಡು ಉಕ್ಕುಗಳು ಮುಚ್ಚಿಕೊಳ್ಳುವ ಆ ಮೈಗೆ ನಾನು ಕೊಟ್ಟ ಓರೆಯನ್ನು ಕಂಡುಕೊಳ್ಳಲು ಮೂರು ಸಲ ಹಣ ಕಳೆದಿದ್ದೇನೆ, ಆದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ.

ಅತಿ ಹೆಚ್ಚು ಆಕ್ಷೇಪ ಬಂದದ್ದು ನಾನು ಅಚ್ಚಿಗೆ ಹೋಗುವ ಮೊದಲು ಈ ಎರಡನೇ ಆವೃತ್ತಿಯ ಮೊದಲ 600 ಪೆಟ್ಟಿಗೆಗಳನ್ನು ಮಡಚಿದ ತಗಡಿನಲ್ಲಿ ಮಾಡಿದ್ದಕ್ಕೆ. ಮಿತಿ 100 ಎಂಬ ಅದೇ ಅಳತೆಯಲ್ಲಿ ಹಾಳೆಯ ಲೆಕ್ಕ ಹೀಗಿತ್ತು: ಅರ್ತಿಂಗ್ ಬೋಲ್ಟ್ ಸೇರಿ ತಗಡಿನ ಹೊರಪೆಟ್ಟಿಗೆಗೆ 38, ಅಚ್ಚಿನದಕ್ಕೆ 9, ಅಚ್ಚಿಗೆ ಒಮ್ಮೆಲೇ 70,000. ಒಂದಕ್ಕೆ 29 ಉಳಿದರೆ ಅಚ್ಚಿನ ಹಣ ವಾಪಸಾಗಲು ಸುಮಾರು 2,400 ಪೆಟ್ಟಿಗೆ ಮಾರಬೇಕು, ಅಷ್ಟು ಮಾರುತ್ತೇನೆಂಬ ಧೈರ್ಯ ಆಗ ನನಗಿರಲಿಲ್ಲ. ತಗಡಿನದು 116ಕ್ಕೆ ಬಿತ್ತು, ಮಿತಿಗಿಂತ 16 ಹೆಚ್ಚು. 600ಕ್ಕೆ 9,600 ಕಳೆದುಕೊಂಡೆ. ಒಂದೇ ವಸ್ತುವನ್ನು ಎರಡು ಸಲ ವಿನ್ಯಾಸ ಮಾಡುವವರುಂಟೇ ಎಂದು ಕೇಳಿದವರಿಗೆ ಆ 600ರಲ್ಲೇ ಉತ್ತರ ಸಿಕ್ಕಿತು. ಪೆಟ್ಟಿಗೆಗೆ 1.5 ಉಳಿಯುತ್ತದೆಂದು ನಾನು ತಂತಿ ಸಿಕ್ಕಿಸುವ ಟರ್ಮಿನಲ್ ಚಿಕ್ಕದು ಹಾಕಿದ್ದೆ. ದಪ್ಪ ತಂತಿ ಅದರೊಳಗೆ ಹೋಗದೆ ಸುಮಾರು ನಲವತ್ತು ಪೆಟ್ಟಿಗೆಗಳು ಹಿಂದಿರುಗಿದವು. ತರಿಸಿ, ಬಿಚ್ಚಿ, ಬದಲಿಸಿ ಕಳಿಸಲು ಒಂದೊಂದಕ್ಕೂ 40ರಷ್ಟು ಖರ್ಚಾಯಿತು. ಒಟ್ಟು ಉಳಿಸಿದ್ದು 900, ಕಳೆದದ್ದು 1,600. ದೊಡ್ಡ ಟರ್ಮಿನಲ್ಲಿಗಾಗಿ ಕಿಂಡಿಯನ್ನು 6 ಮಿ.ಮೀ. ಸರಿಸಬೇಕಾದಾಗ ಲೇಸರ್ ಕತ್ತರಿಸುವವರ ಫೈಲ್ ಬದಲಿಸಿದ್ದಷ್ಟೇ ಕೆಲಸ. ಅದೇ ತಪ್ಪು ಉಕ್ಕಿನಲ್ಲಿ ಆಗಿದ್ದರೆ ಮೊದಲ ಆವೃತ್ತಿಯ ಕಥೆಯೇ ಮರುಕಳಿಸುತ್ತಿತ್ತು. ಬೋರ್ಡಿನ ರಂಧ್ರಗಳನ್ನು ತಗಡಿನ ಪೆಟ್ಟಿಗೆಗೂ ಅಚ್ಚಿನ ಪೆಟ್ಟಿಗೆಗೂ ಹೊಂದುವಂತೆ ಮೊದಲೇ ಇಟ್ಟಿದ್ದರಿಂದ ಬೋರ್ಡನ್ನು ಮುಟ್ಟಬೇಕಾಗಲಿಲ್ಲ.

ಟಾಲರೆನ್ಸ್‌ಗಳಲ್ಲಿ, ಅಂದರೆ ಅಳತೆ ಎಷ್ಟು ಆಚೀಚೆ ಆಗಬಹುದು ಎಂಬ ಮಿತಿಗಳಲ್ಲಿ, ನಾನು ವರ್ಷಗಟ್ಟಲೆ ಹಣ ಚೆಲ್ಲಿದ್ದೆ. ಹಳೆಯ ಡ್ರಾಯಿಂಗಿನಿಂದ ನಕಲು ಮಾಡಿದ ±0.02 ಮಿ.ಮೀ. ನಡುವೆ ಅಂತರ ಕೊಡುವ ಒಂದು ಹಿತ್ತಾಳೆ ಸ್ಪೇಸರಿನ ಎಲ್ಲ ಅಳತೆಗಳ ಮೇಲೂ ಕೂತಿತ್ತು, ನಿಜವಾಗಿ ಬೇಕಿದ್ದದ್ದು ಒಂದೇ ಅಳತೆಗೆ. ಉಳಿದವನ್ನು ಸಾಮಾನ್ಯ ಟಾಲರೆನ್ಸ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 2768ರ ಮಧ್ಯಮ ದರ್ಜೆಗೆ ಬಿಟ್ಟುಕೊಟ್ಟ ದಿನವೇ ಆ ಭಾಗದ ಬೆಲೆ ಅರ್ಧದ ಹತ್ತಿರಕ್ಕೆ ಬಂತು.

ಈಗ ಹಾಳೆಯಲ್ಲಿ ಉಳಿದಿರುವ ಅತಿ ದಪ್ಪ ಸಾಲು ಪರೀಕ್ಷೆಯದು. ಪ್ರತಿ ಪೆಟ್ಟಿಗೆಗೂ ಕೈಯಿಂದ ತಂತಿ ಸಿಕ್ಕಿಸಿ ನೋಡಲು ಆರು ನಿಮಿಷ ಹೋಗುತ್ತಿದೆ, ಅಂದರೆ ಜೋಡಣೆಗಿಂತ ಹೆಚ್ಚು. ಮುಂದಿನ ಬೋರ್ಡಿನ ಚಿತ್ರದಲ್ಲಿ ಸ್ಪ್ರಿಂಗ್ ಪಿನ್ನುಗಳು ಒಂದೇ ಬದಿಯಿಂದ ಒತ್ತುವಂತೆ ಹನ್ನೊಂದು ಪರೀಕ್ಷಾ ಬಿಂದುಗಳನ್ನು ಗುರುತಿಸಿಟ್ಟಿದ್ದೇನೆ. ಅದರ ಪಕ್ಕದಲ್ಲಿ 50 ಸೆಕೆಂಡು ಎಂದು ಬರೆದಿದ್ದೇನೆ.