ಏಸಿ ಗ್ಯಾಸ್ ಸೋರೋದು ಈ ನಟ್ಟಿನ ಹತ್ತಿರವೇ

ಹೊಸ ಏಸಿ ಹಾಕಿಸಿ ಎರಡನೇ ಬೇಸಿಗೆಗೇ ‘ಗ್ಯಾಸ್ ಖಾಲಿ ಆಗಿದೆ, ತುಂಬಿಸಬೇಕು’ ಅನ್ನಿಸಿಕೊಂಡವರು ನಾವು. ಏಸಿ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಮುಗಿಯುವಂಥದ್ದಲ್ಲ. ಕಡಿಮೆ ಆಗಿದೆ ಅಂದರೆ ಎಲ್ಲೋ ಸೋರಿದೆ. ನಮ್ಮಲ್ಲಿ ಸೋರಿದ್ದು ಔಟ್‌ಡೋರ್ ಯೂನಿಟ್ಟಿಗೆ ಪೈಪ್ ಸೇರುವ ನಟ್ಟಿನಲ್ಲಿ. ಅಲ್ಲಿ ಎಣ್ಣೆ ಜಿಡ್ಡಿಗೆ ಧೂಳು ಅಂಟಿ ಕಪ್ಪಗೆ ಕೂತಿತ್ತು.

ಪೈಪ್ ಜೋಡಿಸುವ ಈ ಕೆಲಸವನ್ನು ಕಲಿತ ಮೆಕ್ಯಾನಿಕ್ಕೇ ಮಾಡಲಿ. ಈಗಿನ ಬಹಳಷ್ಟು ಏಸಿಗಳಲ್ಲಿರುವ ಆರ್-32 ಬೆಂಕಿ ಹತ್ತಬಲ್ಲ ಗ್ಯಾಸ್. ನೀವು ಪಕ್ಕದಲ್ಲಿ ನಿಂತು ನೋಡಿ, ಸಾಕು.

ಒಳಗಿನ, ಹೊರಗಿನ ಯೂನಿಟ್ ಸೇರಿಸುವ ತಾಮ್ರದ ಪೈಪ್ ಎರಡಿರುತ್ತವೆ. ಒಂದೂವರೆ ಟನ್ನಿನ ಏಸಿಗೆ ಸಾಮಾನ್ಯವಾಗಿ ಸಣ್ಣದು ಕಾಲು ಇಂಚು, ದೊಡ್ಡದು ಅರ್ಧ ಇಂಚು. ಪೈಪ್ ಕಟರ್‌ನಲ್ಲೇ ಕತ್ತರಿಸಬೇಕು. ಹ್ಯಾಕ್ಸಾ ಹಿಡಿದರೆ ತಾಮ್ರದ ಪುಡಿ ಒಳಗೆ ಬಿದ್ದು ಕಂಪ್ರೆಸರ್ ತನಕ ಹೋಗಬಹುದು. ಅಂಚು ಕೆರೆದು ನಯ ಮಾಡುವಾಗಲೂ ಪೈಪಿನ ಬಾಯಿ ಕೆಳಮುಖವಾಗಿರಲಿ. ಆಮೇಲೆ ನಟ್ಟನ್ನು ಪೈಪಿಗೆ ತೂರಿಸಿ, ಫ್ಲೇರಿಂಗ್ ಟೂಲ್‌ನಿಂದ ಬಾಯಿಯನ್ನು ತುತ್ತೂರಿ ಹಾಗೆ ಅಗಲಿಸಬೇಕು. ನಟ್ ಹಾಕೋದನ್ನೇ ಮರೆತು ಬಾಯಿ ಅಗಲಿಸಿದರೆ ಮತ್ತೆ ಕತ್ತರಿಸಬೇಕು, ಬೇರೆ ದಾರಿ ಇಲ್ಲ! ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅದು ಬೇಡ, ಹೊಸದು ಮಾಡಲಿ.

ಜೋಡಿಸುವಾಗ ಅಗಲಿಸಿದ ಬಾಯಿಗೆ ಎರಡು ಹನಿ ಏಸಿ ಎಣ್ಣೆ ಸವರಿ, ಪೈಪನ್ನು ನೇರ ಹಿಡಿದು, ನಟ್ಟನ್ನು ಮೊದಲು ಬೆರಳಲ್ಲೇ ತಿರುಗಿಸಬೇಕು. ಸಲೀಸಾಗಿ ಹೋಗದಿದ್ದರೆ ನಟ್ಟಿನ ಮರೆ (ಥ್ರೆಡ್) ತಪ್ಪಿದೆ ಅಂತಲೇ ಅರ್ಥ. ಬಿಗಿ ಮಾಡಲು ಎರಡು ಸ್ಪ್ಯಾನರ್ ಬೇಕು. ಒಂದು, ಔಟ್‌ಡೋರ್ ಯೂನಿಟ್ಟಿನ ವಾಲ್ವ್ ಹಿಡಿಯೋಕೆ, ಇನ್ನೊಂದು ನಟ್ ತಿರುಗಿಸೋಕೆ. ಒಂದೇ ಸ್ಪ್ಯಾನರಿನಲ್ಲಿ ಜಗ್ಗಿದರೆ ಪೈಪೇ ತಿರುಚಿಕೊಳ್ಳುತ್ತದೆ. ಜಾಸ್ತಿ ಬಿಗಿದರೂ ತಾಮ್ರ ಸೀಳುತ್ತದೆ. ಕಾಲು ಇಂಚಿನ ನಟ್ಟಿಗೆ ಸುಮಾರು 14ರಿಂದ 18 ನ್ಯೂಟನ್ ಮೀಟರ್ ಬಿಗಿ ಸಾಕು. ನಿಮ್ಮ ಏಸಿಯ ಲೆಕ್ಕ ಮ್ಯಾನುಯಲ್‌ನಲ್ಲೇ ಇರುತ್ತದೆ.

ಇನ್ನು ವ್ಯಾಕ್ಯೂಮ್, ಅಂದರೆ ಪೈಪಿನೊಳಗಿನ ಗಾಳಿ, ತೇವವನ್ನು ಪಂಪಿನಿಂದ ಎಳೆದು ತೆಗೆಯೋದು. ಕೆಲವರು ಪಂಪ್ ತರುವುದೇ ಇಲ್ಲ, ಯೂನಿಟ್ಟಿನಲ್ಲಿರುವ ಗ್ಯಾಸನ್ನೇ ಚೂರು ಬಿಟ್ಟು ಪೈಪಿನ ಗಾಳಿಯನ್ನು ಹೊರಗೆ ತಳ್ಳಿ ‘ಆಯ್ತು ಸರ್’ ಅಂತಾರೆ. ಗ್ಯಾಸೂ ಹೋಯ್ತು, ಒಳಗಿನ ತೇವವೂ ಉಳೀತು. ಒಪ್ಪಬೇಡಿ. ವಾಲ್ವ್‌ಗಳನ್ನು ಮುಚ್ಚಿಯೇ ಇಟ್ಟು ಪಂಪನ್ನು 15-20 ನಿಮಿಷವಾದರೂ ಓಡಿಸಲಿ. ಪಂಪ್ ನಿಲ್ಲಿಸಿದ ಮೇಲೆ ಹತ್ತು ನಿಮಿಷ ಒತ್ತಡ ತೋರಿಸುವ ಗೇಜಿನ ಮುಳ್ಳನ್ನೇ ನೋಡುತ್ತಿರಿ. ಮುಳ್ಳು ಮೇಲೆ ಬಂತೋ, ಲೀಕ್ ಇದೆ ಅಥವಾ ತೇವ ಉಳಿದಿದೆ.

ಮುಳ್ಳು ಅಲ್ಲಾಡಲಿಲ್ಲವಾ? ಅಲೆನ್ ಕೀಯಿಂದ ಮೊದಲು ಸಣ್ಣ ಪೈಪಿನ ವಾಲ್ವ್, ನಂತರ ದೊಡ್ಡದು, ಎರಡನ್ನೂ ಪೂರ್ತಿ ತೆರೆಯಲಿ. ಒಳಗಿನ, ಹೊರಗಿನ ನಾಲ್ಕೂ ನಟ್ಟಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತಾ ನೋಡಿ. ಬಾರದಿದ್ದರೆ ನೊರೆ ಒರೆಸಿ, ವಾಲ್ವಿನ ಮುಚ್ಚಳ ಬಿಗಿದು, ಎರಡೂ ಪೈಪಿಗೆ ಬೇರೆ ಬೇರೆಯಾಗಿ ಫೋಮ್ ಸುತ್ತಿಸಿ.