ಗ್ರಾಫಿಕ್ಸ್ ಕಾರ್ಡ್ ಓವರ್‌ಕ್ಲಾಕ್ ಮಾಡಿ, ಅದರ ನಿದ್ದೆ ಮಾತ್ರ ಕೆಡಿಸಬೇಡಿ

ವಿಜಯಪುರದಲ್ಲಿ ನನ್ನದು ಮದುವೆ ವಿಡಿಯೊ ಎಡಿಟ್ ಮಾಡುವ ಕೆಲಸ. ಕಂಪ್ಯೂಟರ್ ಬೆಳಿಗ್ಗೆ ಆನ್ ಆದರೆ ರಾತ್ರಿವರೆಗೂ ಆನ್. ಆದರೆ ಒಳಗಿರುವ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ನಿಜವಾಗಿ ದುಡಿಯುವುದು ನಾಯ್ಸ್ ತೆಗೆಯುವಾಗ, ರೆಂಡರ್ ಹಾಕಿದಾಗ. ಉಳಿದ ಹೊತ್ತು ಸುಮ್ನೆ ಕೂತಿರುತ್ತದೆ. ಅದಕ್ಕೇ ಓವರ್‌ಕ್ಲಾಕ್ (ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸುವುದು) ಹೇಗೆ ಅಂತ ಕೇಳಿದವರಿಗೆ, ಮೊದಲು ಐಡಲ್, ಅಂದರೆ ಕಾರ್ಡ್ ಸುಮ್ನೆ ಕೂತ ಸ್ಥಿತಿ ನೋಡಿ ಅನ್ನುತ್ತೇನೆ.

ಎಲ್ಲ ಪ್ರೋಗ್ರಾಂ ಮುಚ್ಚಿ, ಸ್ವಲ್ಪ ಹೊತ್ತು ಬಿಡಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಎನ್‌ವಿಡಿಯಾ-ಎಸ್‌ಎಂಐ (nvidia-smi) ಅಂತ ಕೊಟ್ಟರೆ ಕಾರ್ಡ್‌ನ ವೇಗದ ಹಂತ ಪಿ8 ಅಂತ ಕಾಣಬೇಕು. ಪಿ0 ಅಂದರೆ ಪೂರ್ತಿ ವೇಗ. ಅಂಕಿ ಏರಿದಷ್ಟೂ ಕಾರ್ಡ್ ನಿದ್ದೆಗೆ ಹತ್ತಿರ. ನನ್ನ ಕಾರ್ಡ್ ಆಗ ಕೋರ್ 210, ಮೆಮೊರಿ 405 ಮೆಗಾಹರ್ಟ್ಸ್‌ಗೆ ಇಳಿಯುತ್ತದೆ. ನಿಮ್ಮ ಅಂಕಿ ಬರೆದಿಡಿ. ಇಳಿಯದಿದ್ದರೆ ಎಡಿಟಿಂಗ್ ಸಾಫ್ಟ್‌ವೇರ್ ಹಿಂದೆ ತೆರೆದೇ ಇರಬಹುದು, ಇಲ್ಲವೇ ಎರಡು ಮಾನಿಟರ್‌ಗಳ ರಿಫ್ರೆಶ್ ರೇಟ್ ಬೇರೆ ಬೇರೆ ಇರಬಹುದು. ಎರಡೂ ಮಾನಿಟರ್ 60 ಹರ್ಟ್ಸ್‌ಗೆ ಇಟ್ಟು ನೋಡಿ.

ಈಗ ಕಾರ್ಡ್‌ನ ವೇಗ ಬದಲಿಸುವ ಪ್ರೋಗ್ರಾಂ ಎಂಎಸ್‌ಐ ಆಫ್ಟರ್‌ಬರ್ನರ್ ತೆರೆಯಿರಿ. ಕೋರ್ ಕ್ಲಾಕ್ ಸ್ಲೈಡರ್ 30 ಮೆಗಾಹರ್ಟ್ಸ್‌ನಂತೆ ಏರಿಸಿ, ಪ್ರತಿ ಸಲ ಕಾರ್ಡ್‌ಗೆ ಪೂರ್ತಿ ಕೆಲಸ ಕೊಟ್ಟು ಸ್ಕೋರ್ ಹೇಳುವ ಹೆವೆನ್ ಪರೀಕ್ಷೆ ಓಡಿಸಿ. ಕೋರ್ ಮುಗಿದ ಮೇಲೆ ಮೆಮೊರಿ, 100ರಂತೆ. ಡ್ರೈವರ್ (ಕಾರ್ಡ್ ನಡೆಸುವ ಸಾಫ್ಟ್‌ವೇರ್) ಕ್ರ್ಯಾಶ್ ಆದರೆ ಸಾಮಾನ್ಯವಾಗಿ ಕೋರ್ ಜಾಸ್ತಿ ಆಗಿದೆ. ಪರದೆ ಮೇಲೆ ಬಣ್ಣದ ಚುಕ್ಕೆ ಮಿನುಗಿದರೆ ಮೆಮೊರಿ. ಮೆಮೊರಿ ಏರಿಸಿದರೂ ಸ್ಕೋರ್ ಇಳಿದರೆ ಹಿಂದಕ್ಕೆ ಬನ್ನಿ. ವಿಂಡೋಸ್ ಶುರುವಾದಾಗಲೇ ಈ ಸೆಟ್ಟಿಂಗ್ ಹಾಕುವ ಬಟನ್ ಈಗಲೇ ಒತ್ತಬೇಡಿ. ಒತ್ತದಿದ್ದರೆ ಏನೇ ಕೈಕೊಟ್ಟರೂ ಒಂದು ರೀಸ್ಟಾರ್ಟ್‌ಗೆ ಸರಿಹೋಗುತ್ತದೆ.

ಹೆವೆನ್ ಪಾಸಾಯಿತು ಅಂತ ನಂಬಬೇಡಿ. ಸ್ಲೈಡರ್ ಸರಿಸಿದಾಗ, ಯಾವ ವೋಲ್ಟೇಜ್‌ಗೆ ಎಷ್ಟು ವೇಗ ಅಂತ ತೋರಿಸುವ ಗೆರೆ ಪೂರ್ತಿ ಮೇಲಕ್ಕೆ ಸರಿಯುತ್ತದೆ, ತುದಿಯೊಂದೇ ಅಲ್ಲ. ಅಂದರೆ ಕಡಿಮೆ ವೋಲ್ಟೇಜ್‌ನಲ್ಲೂ ಕಾರ್ಡ್ ಮೊದಲಿಗಿಂತ ಜೋರಾಗಿ ಓಡಬೇಕು. ಫುಲ್ ಲೋಡ್‌ನಲ್ಲಿ ಗಟ್ಟಿ ನಿಂತ ಕಾರ್ಡ್, ಟೈಮ್‌ಲೈನ್ ನಿಲ್ಲಿಸಿ ಮತ್ತೆ ಪ್ಲೇ ಮಾಡಿದಾಗ ಬೀಳುವುದು ಇದರಿಂದಲೇ. ಹಾಗಾಗಿ ವಿಡಿಯೊ ಪ್ಲೇ ಮಾಡಿ, ನಿಲ್ಲಿಸಿ, ಐಡಲ್‌ಗೆ ಬಿಟ್ಟು, ಮತ್ತೆ ಎಬ್ಬಿಸಿ ನೋಡಿ. ಇದು ಬೇಜಾರಿನ ಕೆಲಸ, ಆದರೆ ಬಿಡಬೇಡಿ. ಅಂದ ಹಾಗೆ, ರೆಂಡರ್ ವೇಳೆ ಪಿ0 ಬದಲು ಪಿ2 ಕಂಡರೆ ಗಾಬರಿ ಬೇಡ. ಕೂಡಾ (CUDA, ಕಾರ್ಡ್‌ನಲ್ಲೇ ಲೆಕ್ಕ ಮಾಡಿಸುವ ಎನ್‌ವಿಡಿಯಾ ತಂತ್ರಜ್ಞಾನ) ಕೆಲಸಕ್ಕೆ ನನ್ನದರಂಥ ಜಿಫೋರ್ಸ್ ಕಾರ್ಡ್‌ಗಳು ಹಾಗೇ.

ನಿದ್ದೆ ಕೆಡಿಸುವುದು ಸ್ಲೈಡರ್ ಅಲ್ಲ, ಬೇರೆ ಎರಡು ಸೆಟ್ಟಿಂಗ್. ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಜೊತೆ ಎಫ್ ಒತ್ತಿ ತೆರೆಯುವ ಅದೇ ಗೆರೆಯಲ್ಲಿ ಒಂದು ಬಿಂದು ಹಿಡಿದು ಎಲ್ ಒತ್ತಿದರೆ ಕಾರ್ಡ್ ಅಲ್ಲೇ ಲಾಕ್. ಪರೀಕ್ಷೆಗೆ ಸರಿ, ದಿನಬಳಕೆಗೆ ಬೇಡ. ಇನ್ನೊಂದು, ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಪ್ರಿಫರ್ ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್. ಅದನ್ನು ಇಡೀ ಸಿಸ್ಟಂಗೆ ಹಾಕಬೇಡಿ. ಬೇಕಾದ ಪ್ರೋಗ್ರಾಂ ಒಂದಕ್ಕೇ ಹಾಕಿ.

ಕರೆಂಟ್ ಬಿಲ್ ಲೆಕ್ಕ ಹೇಳುವುದಾದರೆ, ಐಡಲ್‌ನಲ್ಲಿ 20 ವ್ಯಾಟ್ ಜಾಸ್ತಿ ಹೋದರೆ ದಿನಕ್ಕೆ 12 ಗಂಟೆಯಂತೆ ತಿಂಗಳಿಗೆ 7 ಯೂನಿಟ್ ಚಿಲ್ಲರೆ. ಹೆಸ್ಕಾಂ ಬಿಲ್‌ನಲ್ಲಿ ಅಷ್ಟೇನೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಬಿಸಿ. ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ನಿದ್ದೆ ಮಾಡದ ಕಾರ್ಡ್‌ನ ಫ್ಯಾನ್ ನಿಲ್ಲುವುದೇ ಇಲ್ಲ, ನಮ್ಮೂರಿನ ಧೂಳನ್ನೂ ಒಳಗೆ ಎಳೆದುಕೊಳ್ಳುತ್ತದೆ. ಆಫ್ಟರ್‌ಬರ್ನರ್‌ನಲ್ಲಿ 5 ಪ್ರೊಫೈಲ್ ಇಡಬಹುದು. ನಾನು 1ರಲ್ಲಿ ಚಳಿಗಾಲದ ಓವರ್‌ಕ್ಲಾಕ್, 2ರಲ್ಲಿ ಬೇಸಿಗೆಗೆ ಪವರ್ ಲಿಮಿಟ್ (ಕಾರ್ಡ್ ಎಳೆಯುವ ಕರೆಂಟ್‌ನ ಮಿತಿ) ಶೇ 80 ಇಟ್ಟುಕೊಂಡಿದ್ದೇನೆ. ಮಾರ್ಚ್ ಬಂದರೆ 2.