ರೋಮನ್ ನಾಣ್ಯ ಕೂಡಿಡುವವರಿಗೆ: ಮೊದಲು ಒಂದು ಮುಖ ಹಿಡಿಯಿರಿ

ಮೊದಲು ಒಬ್ಬನೇ ಚಕ್ರವರ್ತಿಯನ್ನು ಆರಿಸಿಕೊಳ್ಳಿ. ಅಗಸ್ಟಸ್‌ನಿಂದ ಶುರು ಮಾಡಿ ಎಲ್ಲರದ್ದೂ ಒಂದೊಂದು ಕೂಡಿಡುತ್ತೇನೆ ಅಂತ ಹೊರಟರೆ ದುಡ್ಡು ಕರಗುತ್ತದೆ, ಡಬ್ಬಿ ತುಂಬುತ್ತದೆ, ಆದರೆ ಒಂದು ಮುಖವೂ ಸರಿಯಾಗಿ ಪರಿಚಯ ಆಗಿರುವುದಿಲ್ಲ. ಒಬ್ಬನದ್ದೇ ನಾಲ್ಕೈದು ನಾಣ್ಯ, ಬೇರೆ ಬೇರೆ ವಯಸ್ಸಿನವು, ಪಕ್ಕಪಕ್ಕ ಇಟ್ಟು ನೋಡಿ. ಆಗ ಗೊತ್ತಾಗುತ್ತದೆ ಆ ಅಚ್ಚು ಕೊರೆದವನ ಕೈಚಳಕ ಎಂಥದ್ದು ಅಂತ.

ನಾನು ಹೇಳುವುದು ಕ್ಯಾರಕಲ್ಲಾನ ಹೆಸರು. ಆಳಿದ್ದು ಕ್ರೂರವಾಗಿ, ತಮ್ಮನನ್ನೇ ಕೊಲ್ಲಿಸಿದವನು. ಆದರೆ ಮುಖ ಓದುವುದನ್ನು ಕಲಿಯಲು ಅವನಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ಹುಟ್ಟಿದ್ದು ಕ್ರಿ.ಶ. 188ರಲ್ಲಿ, 196ರಲ್ಲೇ ಅಪ್ಪ, ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ ಅವನಿಗೆ ಸೀಸರ್, ಅಂದರೆ ಯುವರಾಜ ಪಟ್ಟ ಕಟ್ಟಿದ, ಅಲ್ಲಿಂದ 217ರಲ್ಲಿ ಸಾಯುವವರೆಗೂ ಅವನ ನಾಣ್ಯ ಬರುತ್ತಲೇ ಇತ್ತು. ಡಿನೇರಿಯಸ್ ಅನ್ನುವ ಅವನ ಬೆಳ್ಳಿ ನಾಣ್ಯಗಳು ಧಾರಾಳವಾಗಿ ಉಳಿದುಕೊಂಡಿವೆ, ಹಾಗಾಗಿ ಅಗಸ್ಟಸ್, ನೀರೋ ನಾಣ್ಯಗಳ ಹಾಗೆ ಬೆಲೆ ಮುಗಿಲು ಮುಟ್ಟಿಲ್ಲ.

ಮೊದಲ ನಾಣ್ಯಗಳಲ್ಲಿ ಅವನು ಪುಟ್ಟ ಹುಡುಗ. ಉಬ್ಬಿದ ಕೆನ್ನೆ, ಗುಂಗುರು ಕೂದಲು, ಚೂಪಾಗದ ಮೂಗು. ಹದಿಹರೆಯಕ್ಕೆ ಬಂದಾಗ ಕಿವಿಯ ಮುಂದೆ ಸಣ್ಣಗೆ ಕೂದಲು ಇಳಿಯುತ್ತದೆ, ಭೂತಗನ್ನಡಿಯಲ್ಲಿ ನೋಡಿದರೆ ಅದು ಐದಾರು ಚಿಕ್ಕ ಗೀರು ಅಷ್ಟೇ. 211ರ ನಂತರ ಒಬ್ಬನೇ ಆಳತೊಡಗಿದ ಮೇಲಿನ ನಾಣ್ಯ ತಗೊಳ್ಳಿ: ಕತ್ತು ದಪ್ಪವಾಗಿದೆ, ಗಡ್ಡ ಮೋಟಾಗಿದೆ, ಹುಬ್ಬು ಗಂಟಿಕ್ಕಿದೆ, ಹಣೆಯ ಮೇಲೆ ಗೆರೆ ಎದ್ದು ಕಾಣುತ್ತದೆ. ಬೆರಳ ತುದಿಯಷ್ಟು ಬೆಳ್ಳಿಯ ಮೇಲೆ ಇದೆಲ್ಲ ಕೂತಿದೆಯಲ್ಲ, ನನಗೆ ಇಂದಿಗೂ ಆಶ್ಚರ್ಯ. ಇಕ್ಕೇರಿ ವರಹ ನೋಡಿ ಬೆಳೆದ ನಮಗೆ ಇದು ಇನ್ನೂ ಹೊಸದು, ಯಾಕೆಂದರೆ ಅದರಲ್ಲಿ ಶಿವ ಪಾರ್ವತಿ ಕೂತಿರುತ್ತಾರೆ, ಆಳುವ ನಾಯಕನ ಮುಖ ಇರುವುದಿಲ್ಲ.

ಇನ್ನು ಅಕ್ಷರ. ಲ್ಯಾಟಿನ್ ಬರುವುದಿಲ್ಲ ಅಂತ ಹೆದರಬೇಡಿ, ಹತ್ತಿಪ್ಪತ್ತು ಚಿಕ್ಕ ರೂಪ ಗೊತ್ತಿದ್ದರೆ ಸಾಕು. ಸಾಮಾನ್ಯವಾಗಿ ಎಡಗಡೆ ಕೆಳಗಿನಿಂದ ಶುರುವಾಗಿ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ, 'ಯು' ಜಾಗದಲ್ಲಿ 'ವಿ' ಇರುತ್ತದೆ, ಪದಗಳ ನಡುವೆ ಸಂದು ಬಿಟ್ಟಿರುವುದಿಲ್ಲ. ಹೊಸಬರು ತೊಡರಿಕೊಳ್ಳುವ ಜಾಗ ಒಂದಿದೆ. ಕ್ಯಾರಕಲ್ಲಾ ಅನ್ನುವುದು ಅಡ್ಡಹೆಸರು, ನಾಣ್ಯದ ಮೇಲೆ ಆಂಟೊನಿನಸ್ ಅಂತಲೇ ಇರುತ್ತದೆ. ಅದೇ ಹೆಸರಿನವರು ಇನ್ನೂ ಇದ್ದಾರೆ. ಪದಗಳ ಸಾಲು ನೋಡಿ: 'ಆಂಟೊನಿನಸ್ ಪಿಯಸ್ ಆಗ್' ಇದ್ದರೆ ನಮ್ಮವನು ('ಆಗ್' ಅಂದರೆ ಅಗಸ್ಟಸ್, ಚಕ್ರವರ್ತಿಯ ಬಿರುದು). 'ಆಂಟೊನಿನಸ್ ಆಗ್ ಪಿಯಸ್' ಇದ್ದರೆ ಅವನಿಗಿಂತ ಬಹಳ ಹಿಂದಿನ ಆಂಟೊನಿನಸ್ ಪಿಯಸ್. ಶುರುವಿನಲ್ಲಿ 'ಐಎಂಪಿ' (ಇಂಪರೇಟರ್ ಅನ್ನುವ ಬಿರುದು) ಸೇರಿ 'ಐಎಂಪಿ ಆಂಟೊನಿನಸ್ ಪಿಯಸ್ ಆಗ್' ಆದರೆ ಅದು ಕ್ಯಾರಕಲ್ಲಾನ ನಂತರ ಬಂದ ಚಕ್ರವರ್ತಿ ಎಲಗಾಬಲಸ್‌ದು. ಕ್ಯಾರಕಲ್ಲಾನದ್ದೇ ಅಂತ ಖಾತ್ರಿಯಾದ ಮೇಲೆ ಕೊನೆ ನೋಡಿ. 'ಬ್ರಿಟ್' (ಬ್ರಿಟನ್ ಗೆದ್ದವನು ಅನ್ನುವ ಬಿರುದು) ಇದ್ದರೆ ಬ್ರಿಟನ್ ದಂಡಯಾತ್ರೆಯ ಹೊತ್ತಿನದ್ದು ಅಥವಾ ಅದರ ನಂತರದ್ದು, 'ಜರ್ಮ್' (ಜರ್ಮನರನ್ನು ಗೆದ್ದವನು) ಇದ್ದರೆ 213 ಅಥವಾ ಅದರಾಚೆಯದು. ಮುಖದ ವಯಸ್ಸನ್ನೂ ಅಕ್ಷರವನ್ನೂ ತಾಳೆ ಹಾಕಿ. ತಾಳೆಯಾದಾಗ ಆಗುವ ಖುಷಿಯೇ ಬೇರೆ.

ನೋಡುವಾಗ ತಲೆ ಮೇಲಿನ ಟ್ಯೂಬ್‌ಲೈಟ್ ಆರಿಸಿ. ಒಂದೇ ದೀಪ, ಎಡಗಡೆಯಿಂದ, ತಗ್ಗಿನಲ್ಲಿ. ನಾಣ್ಯವನ್ನು ಅಂಚಿನಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿ, ನೆರಳು ಬಿದ್ದಾಗಲೇ ಕೆನ್ನೆಯ ಮೂಳೆ ಏಳುವುದು. ಹತ್ತು ಪಟ್ಟಿನ ಭೂತಗನ್ನಡಿ ಸಾಕು.

ಕೊಳ್ಳುವಾಗ ಅವಸರ ಬೇಡ. ಈ ಕಾಲದ ಡಿನೇರಿಯಸ್ ಸುಮಾರು 3 ಗ್ರಾಂ ತೂಗುತ್ತದೆ, ಅಡ್ಡಳತೆ 18ರಿಂದ 20 ಮಿಲಿಮೀಟರ್. ಗಾಂಧಿ ಬಜಾರಿನಲ್ಲಿ ಯಾವ ಅಕ್ಕಸಾಲಿಗರನ್ನು ಕೇಳಿದರೂ ತೂಗಿಕೊಡುತ್ತಾರೆ. ಖೋಟಾ ನಾಣ್ಯಗಳಲ್ಲಿ ಬಹಳಷ್ಟು ಎರಕ ಹೊಯ್ದವು: ಅಂಚಿನ ಸುತ್ತ ಜೋಡಣೆಯ ಗೆರೆ, ಮೈಮೇಲೆ ಸಣ್ಣ ಸಣ್ಣ ಗುಳಿ, ಅಕ್ಷರದ ಅಂಚು ಸೋಪಿನ ಹಾಗೆ ಕರಗಿದಂತೆ. ಅಸಲಿಯನ್ನು ಸುತ್ತಿಗೆಯಿಂದ ಹೊಡೆದು ಅಚ್ಚು ಹಾಕಿದ್ದು, ಹಾಗಾಗಿ ಚಿತ್ರ ಒಂದು ಬದಿಗೆ ಸರಿದಿದ್ದರೂ, ಅಂಚು ಸೀಳಿದ್ದರೂ ಅನುಮಾನ ಪಡಬೇಕಿಲ್ಲ. ಒಂದೇ ಕಡೆ ಸೀಳು, ಒಂದೇ ಆಕಾರದ ಅಂಚು ಇರುವ ಎರಡು ನಾಣ್ಯ ಕಂಡರೆ ಎರಡನ್ನೂ ಬಿಡಿ. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಆನ್‌ಲೈನ್ ಪಟ್ಟಿಯಲ್ಲಿ ಪ್ರತಿ ಬಗೆಯ ವಿವರ ಉಚಿತವಾಗಿ ಸಿಗುತ್ತದೆ, ದುಡ್ಡು ಕೊಡುವ ಮುಂಚೆ ಅಲ್ಲಿ ಹುಡುಕಿ. ಒಂದು ಮಾತು, ನಮ್ಮ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ, ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ತೋಟದಲ್ಲಿ ಅಗೆಯುವಾಗ ಹಳೆ ನಾಣ್ಯ ಸಿಕ್ಕರೆ ಡಿಸಿ ಕಚೇರಿಗೆ ತಿಳಿಸಲೇಬೇಕು.

ಈಗ ಮಲೆನಾಡಿನವರಿಗೇ ಅಂತ ಹೇಳಬೇಕಾದ ವಿಷಯ. ಇಲ್ಲಿ ನಾಣ್ಯದ ದೊಡ್ಡ ಶತ್ರು ಮಳೆಗಾಲ. ಆರಿದ್ರಾ, ಪುನರ್ವಸು ಮಳೆ ಹಿಡಿದರೆ ಚಪ್ಪಲಿಗೆ, ಬೆಲ್ಟಿಗೆ, ಪುಸ್ತಕಕ್ಕೆ ಬೂಷ್ಟು ಬರುತ್ತದೆ, ಅಂಥ ಹವೆಯಲ್ಲಿ ತಾಮ್ರ ಕಂಚಿನ ನಾಣ್ಯ ಸುಮ್ನೆ ಕೂರುವುದಿಲ್ಲ. ಗಟ್ಟಿಯಾಗಿ, ನಯವಾಗಿ ಕೂತ ಹಸಿರು ಕಿಲುಬು ಇದ್ದರೆ ಪರವಾಗಿಲ್ಲ, ಅದು ನಾಣ್ಯವನ್ನು ಕಾಯುತ್ತದೆ, ಮುಖಕ್ಕೆ ಚಂದವನ್ನೂ ಕೊಡುತ್ತದೆ. ಆದರೆ ತಿಳಿ ಹಸಿರು ಪುಡಿ ಉದುರುತ್ತಿದ್ದರೆ, ಮುಟ್ಟಿದರೆ ಬೆರಳಿಗೆ ಅಂಟಿದರೆ, ಅದು ರೋಗ. ಲೋಹದೊಳಗಿನ ಕ್ಲೋರೈಡ್ ತೇವದ ಜೊತೆ ಸೇರಿ ಒಳಗಿನಿಂದ ತಿನ್ನುತ್ತಿದೆ ಅಂತ ಅರ್ಥ. ತಕ್ಷಣ ಆ ನಾಣ್ಯವನ್ನು ಬೇರೆ ಡಬ್ಬಿಗೆ ಹಾಕಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಸಿ, ನೀರು ಬದಲಾಯಿಸುತ್ತಾ ಇರಿ, ಆಮೇಲೆ ಪೂರ್ತಿ ಒಣಗಿಸಿ. ನಲ್ಲಿ ನೀರು ಬೇಡ. ಎಲ್ಲ ನಾಣ್ಯವನ್ನೂ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಜೆಲ್ ಅನ್ನು ಆಗಾಗ ಬಿಸಿ ಮಾಡಿ ಒಣಗಿಸಿ. ಪಿವಿಸಿ ಪ್ಲಾಸ್ಟಿಕ್ ಕವರ್ ಬೇಡವೇ ಬೇಡ, ಅದು ಕಾಲಕ್ರಮೇಣ ಹಸಿರು ಜಿಡ್ಡು ಬಿಡುತ್ತದೆ.

ಮತ್ತೆ ದಯವಿಟ್ಟು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಅಮ್ಮ ತಾಮ್ರದ ಚೊಂಬನ್ನು ಫಳಫಳ ಮಾಡುತ್ತಾರೆ ನಿಜ, ಬೆಳ್ಳಿ ದೀಪಕ್ಕೆ ವಿಭೂತಿ ಹಚ್ಚುತ್ತಾರೆ, ಅದೂ ನಿಜ. ನಾಣ್ಯಕ್ಕೆ ಅದೇ ಕೆಲಸ ಮಾಡಿದರೆ ಹುಬ್ಬಿನ ಗೀರು, ಗಡ್ಡದ ಚುಕ್ಕೆ, ಎಲ್ಲ ಸವೆದುಹೋಗುತ್ತದೆ. ಹದಿನೆಂಟು ನೂರು ವರ್ಷ ಉಳಿದದ್ದು ಹತ್ತು ನಿಮಿಷದಲ್ಲಿ ಹೋಗುತ್ತದೆ.

ಕ್ಯಾರಕಲ್ಲಾನ ಸಾಲು ಒಂದು ಹಂತಕ್ಕೆ ಬಂದ ಮೇಲೆ ಮನೆಯವರ ಕಡೆ ಹೋಗಿ. ಕವಲೊಡೆದ ಗಡ್ಡದ ಅಪ್ಪ, ಅಲೆಅಲೆ ತಲೆಕಟ್ಟಿನ ಅಮ್ಮ ಜೂಲಿಯಾ ಡೊಮ್ನಾ, ತಮ್ಮ ಗೇಟಾ. ಗೇಟಾ ಅಣ್ಣನಿಗಿಂತ ಒಂದೇ ವರ್ಷ ಚಿಕ್ಕವನು, ಎಳೆಯ ವಯಸ್ಸಿನ ನಾಣ್ಯಗಳಲ್ಲಿ ಇಬ್ಬರೂ ಒಂದೇ ಥರ ಕಾಣುತ್ತಾರೆ, ಹೆಸರು ಓದದೆ ಹೇಳುವುದು ಕಷ್ಟ. 211ರಲ್ಲಿ ಅವನನ್ನು ಕೊಂದ ಮೇಲೆ ಅವನ ಹೆಸರು, ಮುಖ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಅಳಿಸಿ ಅಂತ ಆಜ್ಞೆಯಾಯಿತು. ಈಗಿನ ಟರ್ಕಿಯಲ್ಲಿರುವ ಸ್ಟ್ರಾಟೊನಿಸಿಯಾದಂಥ, ಸಾಮ್ರಾಜ್ಯದ ಪೂರ್ವಭಾಗದ ಊರುಗಳ ದೊಡ್ಡ ಕಂಚಿನ ನಾಣ್ಯಗಳಲ್ಲಿ ಅಣ್ಣತಮ್ಮ ಎದುರುಬದುರು ಇರುತ್ತಾರೆ, ತಮ್ಮನ ಜಾಗವನ್ನು ಮಾತ್ರ ಹೆರೆದು ಹಾಕಿರುತ್ತಾರೆ. ಅಂಥದ್ದು ನಂಬಿಕಸ್ತ ಮಾರಾಟಗಾರರ ಹತ್ತಿರ ಕಂಡರೆ, ಹಾಳಾದ ನಾಣ್ಯ ಅಂತ ಪಕ್ಕಕ್ಕಿಡಬೇಡಿ, ಬೆಲೆ ಕೇಳಿ.